ಬಾಡಿಗೆಗೆ ಇರುವುದು ಮನೆ, ಜಾತಿಯಲ್ಲ!

ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು ನಮ್ಮ ಕಾಣಿಯೂರು. ಅಲ್ಲಿನ ನಮ್ಮ ಪ್ರೆಸ್ಸಿಗೆ ಮೊನ್ನೆ ಹಿರಿಯರೊಬ್ಬರು ಬಂದರು. ಮಗ ಪೇಟೆಯಲ್ಲಿ ಮನೆ ಕಟ್ಟಿಸಿದ್ದಾನೆ, ‘ಮನೆ ಬಾಡಿಗೆಗೆ ಇದೆ’ ಅಂತ ಬೋರ್ಡು ಆಗಬೇಕು. ಕೆಳಗೆ ಇನ್ನೊಂದು ಸಾಲು ಸೇರಿಸಲು ಹೇಳಿದರು: ‘ಸಸ್ಯಾಹಾರಿಗಳಿಗೆ ಮಾತ್ರ. ಮದುವೆಯಾಗದವರಿಗೆ ಇಲ್ಲ.’

‘ಅದು ಬಿಟ್ಟು ಬೇರೆ ಎಂತ ನೋಡ್ತೀರಿ?’ ಕೇಳಿದೆ.

‘ಆಧಾರ್ ಕಾರ್ಡಿನ ಜೆರಾಕ್ಸ್ ತೆಗೊಳ್ತೇನೆ. ಮತ್ತೆ ಎಂತ ಬೇಕು ಮಾರಾಯ್ರೇ? ನಾಲ್ಕು ಮಾತಾಡಿದರೆ ಜನ ಹೇಗೆ ಅಂತ ಗೊತ್ತಾಗ್ತದೆ.’

ಗೊತ್ತಾಗುತ್ತದೆಯೇ? ಅವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿರಲಿಲ್ಲ. ನಾನೂ ಅದೇ ಹಳ್ಳಕ್ಕೆ ಬಿದ್ದು ಎದ್ದವನು.

ಪ್ರೆಸ್ಸಿನ ಹಿಂದೆ ನನ್ನದು ಎರಡು ಕೋಣೆ ಉಂಟು. ಕೆಲವು ವರ್ಷಗಳ ಹಿಂದೆ ಕಲಬುರಗಿ ಕಡೆಯ ಹುಡುಗನೊಬ್ಬ ಕೇಳಿಕೊಂಡು ಬಂದ. ಹತ್ತಿರದ ಬ್ಯಾಂಕೊಂದರಲ್ಲಿ ಗುಮಾಸ್ತ. ಊಟ ಏನು, ಜನ ಯಾರು ಅಂತ ಕೇಳಿದೆ. ಉತ್ತರ ನನಗೆ ಹಿಡಿಸಲಿಲ್ಲ. ‘ಕೋಣೆ ಆಗಲೇ ಹೋಯಿತಪ್ಪಾ’ ಅಂತ ಸುಳ್ಳು ಹೇಳಿ ಕಳಿಸಿದೆ. ವಾರದಲ್ಲಿ ಇನ್ನೊಬ್ಬ ಬಂದ. ನಮ್ಮದೇ ಕಡೆಯ ಮಾತು, ‘ಅಣ್ಣಾ ಅಣ್ಣಾ’ ಎಂಬ ವಿನಯ, ಹಣೆಯಲ್ಲಿ ಗಂಧ. ಕಾರ್ಡಿನ ಜೆರಾಕ್ಸ್ ಇಟ್ಟುಕೊಂಡು ಬೀಗದಕೈ ಕೊಟ್ಟೆ. ನಾಲ್ಕು ತಿಂಗಳಿದ್ದ. ಮೂರು ತಿಂಗಳ ಬಾಡಿಗೆ, ಕರೆಂಟ್ ಬಿಲ್ಲು ಬಾಕಿ ಇಟ್ಟು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದ. ಕಾರ್ಡಿನ ವಿಳಾಸಕ್ಕೆ ರಿಜಿಸ್ಟರ್ ಪತ್ರ ಹಾಕಿದೆ. ‘ಈ ಹೆಸರಿನವರು ಇಲ್ಲಿಲ್ಲ’ ಎಂಬ ಷರಾ ಹೊತ್ತು ಅದು ವಾಪಸು ಬಂತು!

ಆ ಬ್ಯಾಂಕಿನ ಹುಡುಗ? ನಾಲ್ಕು ಮನೆ ಆಚೆ ಮೂರು ವರ್ಷ ಇದ್ದ. ಐದನೇ ತಾರೀಕು ದಾಟದೆ ಬಾಡಿಗೆ ಕೊಟ್ಟ. ನಾನು ಕೇಳಿದ ಪ್ರಶ್ನೆಗಳು ಎಷ್ಟು ದಂಡದವು ಅಂತ ಆ ಮನೆಯವರ ನಗು ನೋಡಿದಾಗಲೆಲ್ಲ ನೆನಪಾಗುತ್ತಿತ್ತು.

ನನಗೆ ಹೋದದ್ದು ಹಣ ಮಾತ್ರ. 2022ರ ನವೆಂಬರ್ 19ರಂದು ನಮ್ಮದೇ ಜಿಲ್ಲೆಯ ಮಂಗಳೂರಿನಲ್ಲಿ ಓಡುತ್ತಿದ್ದ ಆಟೋರಿಕ್ಷಾದಲ್ಲಿ ಕುಕ್ಕರ್ ಬಾಂಬ್ ಸಿಡಿಯಿತು. ಚಾಲಕ ಸುಟ್ಟ ಗಾಯಗಳಿಂದ ನರಳಿದ. ಪೊಲೀಸರು ಜಾಡು ಹಿಡಿದು ಹೋದರೆ ಆರೋಪಿ ಇದ್ದದ್ದು ಮೈಸೂರಿನ ಬಾಡಿಗೆ ಕೋಣೆಯಲ್ಲಿ. ಕೊಟ್ಟಿದ್ದ ಆಧಾರ್ ಕಾರ್ಡು ಅವನದ್ದಲ್ಲ. ಕಾರ್ಡು ಕಳೆದುಕೊಂಡಿದ್ದ ಹುಬ್ಬಳ್ಳಿಯ ರೈಲ್ವೆ ನೌಕರರೊಬ್ಬರದ್ದು. ಏನೂ ತಪ್ಪು ಮಾಡದ ಆ ಮನುಷ್ಯನೂ ಪೊಲೀಸರ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯಿತು. ಒಂದು ತುಂಡು ಕಾರ್ಡು ಇಷ್ಟು ಜನರನ್ನು ಸುತ್ತಿಕೊಂಡಿತು ನೋಡಿ!

ಅದೇ ವರ್ಷ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ‘ಕಾರ್ಡಿನ ಜೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ’ ಎಂದು ಪ್ರಕಟಣೆ ಕೊಟ್ಟಿತು. ಜನ ತಪ್ಪಾಗಿ ತಿಳಿದಾರು ಎಂದು ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಜೆರಾಕ್ಸ್ ಮೆಷಿನ್ ಇಟ್ಟುಕೊಂಡವನಾಗಿ ನಾನು ಹೇಳುತ್ತೇನೆ, ಆ ಎಚ್ಚರಿಕೆ ಸರಿಯಾಗಿಯೇ ಇತ್ತು. ಮಸಿ ಹರಡಿದ ಪ್ರತಿ, ಓರೆಯಾದ ಪ್ರತಿ ಎಲ್ಲ ಅಂಗಡಿಯ ಕಸದ ಬುಟ್ಟಿಗೆ ಬೀಳುತ್ತವೆ. ಗಿರಾಕಿ ಒಂದನ್ನೂ ಕೇಳಿ ಪಡೆಯುವುದಿಲ್ಲ. ಈಗ ನಾನೇ ಹರಿದು ಕೈಗೆ ಕೊಡುತ್ತೇನೆ.

ಹಾಗಾದರೆ ಮನೆಯ ಯಜಮಾನ ಏನು ನೋಡಬೇಕು? ಮಂತ್ರವಿದ್ಯೆ ಏನೂ ಬೇಡ.

ಮೊದಲನೆಯದು ಗುರುತು. ಜೆರಾಕ್ಸ್ ಅಲ್ಲ, ಮೂಲ ಕಾರ್ಡು ನೋಡಿ. ಆಧಾರ್ ಆದರೆ ಅದರಲ್ಲಿರುವ ಕ್ಯೂಆರ್ ಕೋಡನ್ನು ಪ್ರಾಧಿಕಾರದ ಆ್ಯಪಿನಲ್ಲೇ ಓದಿಸಿ. ಅದರಲ್ಲಿ ಬರುವ ಹೆಸರು, ಫೋಟೋ ಎದುರಿಗೆ ಕೂತವರದ್ದೇ ಅಲ್ಲವೇ ನೋಡಿ. ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮುಸುಕಿನ ಆಧಾರ್ ಸಾಕು. ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್ ಕೂಡ ಗುರುತೇ.

ಎರಡನೆಯದು ದುಡಿಮೆ. ಕೆಲಸದ ಜಾಗಕ್ಕೆ ಫೋನ್ ಮಾಡಿ. ಆದರೆ ಅವರು ಕೊಟ್ಟ ನಂಬರಿಗಲ್ಲ, ನೀವೇ ಹುಡುಕಿದ ಕಚೇರಿ ನಂಬರಿಗೆ. ವಿದ್ಯಾರ್ಥಿಯಾದರೆ ಕಾಲೇಜು, ತಂದೆ ತಾಯಿ. ಬಾಡಿಗೆ ಸಂಬಳದ ಮೂರನೇ ಒಂದು ಪಾಲು ದಾಟಿದರೆ ಇಬ್ಬರಿಗೂ ಕಷ್ಟ.

ಮೂರನೆಯದು ಹಿಂದಿನ ಮನೆ. ಎರಡೇ ಪ್ರಶ್ನೆ ಕೇಳಿ: ಬಾಡಿಗೆ ಹೊತ್ತಿಗೆ ಕೊಟ್ಟರಾ? ಬಿಡುವಾಗ ಮನೆ ಹೇಗಿತ್ತು? ಈಗಿನ ಯಜಮಾನ ಪೀಡೆ ತೊಲಗಲಿ ಅಂತ ಹೊಗಳಿಯಾನು. ಅದಕ್ಕೂ ಹಿಂದಿನವರನ್ನು ಕೇಳಿದರೆ ನಿಜ ಸಿಗುತ್ತದೆ.

ನಾಲ್ಕನೆಯದು ಠಾಣೆ. ಬಂದವರ ವಿವರ ಹತ್ತಿರದ ಠಾಣೆಗೆ ಬರೆದು ಕೊಟ್ಟು, ಸ್ವೀಕೃತಿ ಪಡೆಯಿರಿ. ಗಡ್ಡ, ಬೊಟ್ಟು ನೋಡಿ ಕೆಲವರದ್ದು ಮಾತ್ರ ಅಲ್ಲ, ಎಲ್ಲರದ್ದೂ.

ಐದನೆಯದು ಕರಾರು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಎಲ್ಲರೂ ಹನ್ನೊಂದು ತಿಂಗಳು ಅಂತ ಬರೆಸುವುದು ಅದಕ್ಕೇ. ತಿಂಗಳೆಷ್ಟೇ ಇರಲಿ, ಬಾಡಿಗೆ, ಮುಂಗಡ, ಬಿಡುವ ಮುಂಚಿನ ನೋಟಿಸು, ಕರೆಂಟ್ ಮೀಟರಿನ ಅಂದಿನ ಅಂಕೆ, ಗೋಡೆ ಬಾಗಿಲಿನ ಸ್ಥಿತಿ ಎಲ್ಲ ಬರೆದಿಡಿ. ಆ ಕರಾರು ಇಂಗ್ಲಿಷಿನಲ್ಲೇ ಇರಬೇಕು ಅಂತ ಯಾವ ಕಾನೂನೂ ಹೇಳಿಲ್ಲ! ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಭಾಷೆಯ ಪತ್ರವನ್ನು ನೋಂದಣಿ ಕಚೇರಿ ಒಪ್ಪುತ್ತದೆ. ಕರ್ನಾಟಕದಲ್ಲಿ ಕನ್ನಡಿಗ ಕನ್ನಡಿಗನಿಗೆ ಮನೆ ಕೊಡುವಾಗ ಇಬ್ಬರಿಗೂ ಅರ್ಥವಾಗದ ಇಂಗ್ಲಿಷ್ ಹಾಳೆಗೆ ಸಹಿ ಹಾಕುವ ಗುಲಾಮಗಿರಿ ಇನ್ನೆಷ್ಟು ದಿನ?

ಈ ಐದರಲ್ಲಿ ಊಟದ ತಟ್ಟೆ ಎಲ್ಲಿದೆ? ಜನಿವಾರ ಎಲ್ಲಿದೆ? ತಾಳಿ ಎಲ್ಲಿದೆ? ಬಾಡಿಗೆ ಕೊಡುವುದು ಸಂಬಳ, ಕೋಣೆ ಕಾಯುವುದು ನಡತೆ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರಿಗೆ ವಾಸದ ಮನೆ ಸಿಗದಂತೆ ತಡೆಯುವುದು 1955ರ ಪೌರಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ‘ನಮ್ಮವರಿಗೆ ಮಾತ್ರ’ ಎಂದು ನಯವಾಗಿ ಹೇಳುವವರು ಇದನ್ನೊಮ್ಮೆ ಓದಲಿ.

‘ಕನ್ನಡಿಗರಿಗೆ ಮಾತ್ರ ಮನೆ ಕೊಡೋಣ’ ಎನ್ನುವ ಬಿಸಿರಕ್ತದ ಗೆಳೆಯರಿಗೂ ಒಂದು ಮಾತು. ನಮ್ಮ ಕಾಣಿಯೂರಿನ ಸುತ್ತ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲ ಉಂಟು. ಮನೆಮಾತು ಕೇಳಿ ಬಾಗಿಲು ಹಾಕಿದರೆ ಊರಿಗೆ ಊರೇ ಬೀದಿಯಲ್ಲಿ ನಿಲ್ಲಬೇಕು. ನಮ್ಮ ಜಿಲ್ಲೆಯ ಎಷ್ಟು ಹುಡುಗರು ಮುಂಬಯಿ ಹೋಟೆಲುಗಳಲ್ಲಿ ತಟ್ಟೆ ತೊಳೆದು ಮನೆಗೆ ಹಣ ಕಳಿಸಿದರು? 1966ರ ನಂತರ ಅಲ್ಲಿ ‘ದಕ್ಷಿಣದವರು ತೊಲಗಲಿ’ ಎಂಬ ಕೂಗೆದ್ದಾಗ ಅವರ ಹೊಟ್ಟೆಯಲ್ಲಿ ಎದ್ದ ನಡುಕವನ್ನು ನಾವು ಇನ್ನೊಬ್ಬರಿಗೆ ಹಂಚಬೇಕೇ? ಬಂದವರು ಕನ್ನಡ ಕಲಿಯಲಿ ಎಂದು ಗಟ್ಟಿಯಾಗಿ ಕೇಳೋಣ. ಕಲಿಸೋಣ. ಮನೆ ಇಲ್ಲದಂತೆ ಮಾಡಿ ಕಲಿಸಲಾಗುವುದಿಲ್ಲ.

ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಮನೆ ಹುಡುಕುತ್ತಿರುವ ಕನ್ನಡದ ತಮ್ಮಂದಿರೇ, ತಂಗಿಯರೇ! ಜಾತಿ ಕೇಳಿಸಿಕೊಂಡು, ‘ಬ್ಯಾಚುಲರ್‌ಗಳಿಗೆ ಇಲ್ಲ’ ಅನ್ನಿಸಿಕೊಂಡು ನಮ್ಮದೇ ರಾಜಧಾನಿಯಲ್ಲಿ ಮೆಟ್ಟಿಲು ಹತ್ತಿ ಇಳಿಯುವವರು ನೀವು. ಪರೀಕ್ಷೆ ಎರಡೂ ಕಡೆಯಿಂದ ಇರಲಿ. ಮನೆ ತೋರಿಸುವವನೇ ಯಜಮಾನನೇ? ತೆರಿಗೆ ರಸೀದಿ, ಕರೆಂಟ್ ಬಿಲ್ಲಿನ ಹೆಸರು ಕೇಳಿ. ಮನೆ ಕಣ್ಣಾರೆ ನೋಡುವ ಮೊದಲು ಫೋನಿನಲ್ಲಿ ಮುಂಗಡ ಕಳಿಸಬೇಡಿ. ಜೆರಾಕ್ಸ್ ಕೊಟ್ಟರೆ ಅದರ ಮೇಲೆ ಅಡ್ಡಲಾಗಿ ‘ಬಾಡಿಗೆ ಕರಾರಿಗೆ ಮಾತ್ರ’ ಎಂದು ಬರೆದು ತಾರೀಕು, ಸಹಿ ಹಾಕಿ. ಹತ್ತು ತಿಂಗಳ ಮುಂಗಡ ಬೆಂಗಳೂರಿನ ರೂಢಿಯೇ ಹೊರತು ಬ್ರಹ್ಮಲಿಪಿ ಅಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡ ಎಂದಿದೆ. ಚೌಕಾಸಿ ಮಾಡುವಾಗ ಆ ಮಾತು ಕೈಯಲ್ಲಿರಲಿ. ಊರಿನಲ್ಲಿ ಅಪ್ಪ ಕಟ್ಟಿಸಿದ ಕೋಣೆಗೆ ಬಾಡಿಗೆಗೆ ಬರುವವನೂ ನಿಮ್ಮಂಥ ಹುಡುಗನೇ ಅಂತ ಮುಂದಿನ ಸಲ ರಜೆಗೆ ಬಂದಾಗ ಅವರಿಗೂ ಹೇಳಿ.

ಹಿರಿಯರ ಬೋರ್ಡು ಏನಾಯಿತು? ‘ಆ ಸಾಲು ನಮ್ಮ ಪ್ರೆಸ್ಸಿನಲ್ಲಿ ಆಗುವುದಿಲ್ಲ, ಬೇರೆ ಒಂದು ಹಾಕಿಕೊಡ್ತೇನೆ’ ಅಂದೆ. ನನ್ನ ಕಥೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೊನೆಗೆ ಅಚ್ಚಾದದ್ದು ಹೀಗೆ: ‘ಮನೆ ಬಾಡಿಗೆಗೆ ಇದೆ. ಕೆಲಸದ ಪುರಾವೆ, ಹಿಂದಿನ ಮನೆಯವರ ಫೋನ್ ನಂಬರ್ ತನ್ನಿ.’

‘ನೋಡುವ, ಯಾರು ಬರ್ತಾರೆ ಅಂತ’ ಎಂದು ಕಂಕುಳಲ್ಲಿ ಇಟ್ಟುಕೊಂಡು ಹೋದರು.

ನೀವೂ ಅಂಥದ್ದೊಂದು ಬೋರ್ಡು ಬರೆಸಿ. ಕನ್ನಡದಲ್ಲಿ ಬರೆಸಿ.

ಸಿರಿಗನ್ನಡಂ ಗೆಲ್ಗೆ!