ಜಾತ್ರೆಯಲ್ಲಿ ಸರಿ, ಪಾಟಿಯ ಮೇಲೆ ತಪ್ಪು: ಚಿಂಚಲಿಯ ಒಂದು ಕಳೆಯುವ ಲೆಕ್ಕ

ಭಾರತ ಹುಣ್ಣಿಮೆ ಹೊತ್ತಿಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಜನ ಚಕ್ಕಡಿ ಕಟ್ಟಿಕೊಂಡು ಬರ್ತಾರೆ. ಆ ಗದ್ದಲದಲ್ಲಿ ಅವ್ವನ ಅಂಗಡಿ ಕಾಯುತ್ತಿದ್ದ ಐದನೇ ತರಗತಿಯ ಹುಡುಗನೊಬ್ಬನ ಹತ್ತಿರ 35 ರೂಪಾಯಿಯ ಮೂರು ಕಾಯಿ, 20 ರೂಪಾಯಿಯ ಎರಡು ಭಂಡಾರದ ಪಾಕೀಟು ತಗೊಂಡೆ. ಇನ್ನೂರರ ನೋಟು ಕೊಡೋದೇ ತಡ, "ನೂರಾ ನಲವತ್ತೈದ ಆತು, ಐವತ್ತೈದ ತಗೋರಿ ಅಕ್ಕಾ" ಅಂದ. ಹೆಂಗ ಮಾಡಿದಿ ಅಂತ ಕೇಳಿದೆ. "ನಲವತ್ತೈದಕ್ಕ ಐದ ಹಾಕಿದ್ರ ಐವತ್ತ. ಮ್ಯಾಲ ಐವತ್ತ ಹಾಕಿದ್ರ ಇನ್ನೂರ ಆತಲ್ರಿ."

ಗಿರಾಕಿ ಕಡಿಮೆಯಾದಾಗ ಒಂದು ಚೀಟಿ ಮೇಲೆ 200, ಅದರ ಕೆಳಗೆ 145 ಬರೆದು ಕಳಿ ಅಂದೆ. ಗಂಭೀರವಾಗಿ ಬಲಗಡೆಯಿಂದ ಶುರು ಮಾಡಿದ. ಸೊನ್ನೆಯಲ್ಲಿ ಐದು ಹೋಗಲ್ಲ, ಹಾಗಾಗಿ ಐದು. ಸೊನ್ನೆಯಲ್ಲಿ ನಾಲ್ಕು, ಅದೂ ನಾಲ್ಕೇ. ಎರಡರಲ್ಲಿ ಒಂದು ಹೋದರೆ ಒಂದು. ಉತ್ತರ: 145. ಅಂದ್ರೆ ನಾನು 145 ರೂಪಾಯಿ ಸಾಮಾನು ತಗೊಂಡು 145 ರೂಪಾಯಿ ಚಿಲ್ಲರೆನೂ ಒಯ್ಯಬೇಕು! ಅದನ್ನ ಹೇಳಿದಾಗ ಅವನೂ ನಕ್ಕ. ಆಮೇಲೆ ಅಂದ: "ಅದು ಸಾಲಿ ಲೆಕ್ಕ ಅಕ್ಕಾ."

ಈ ಮಾತು ನನ್ನ ತಲೆಯಿಂದ ಹೋಗಿಲ್ಲ.

ಇದು ನಮ್ಮೂರಿನದಷ್ಟೇ ಕಥೆ ಅಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳು ಬಾಯಲ್ಲಿ ಸರಿಯಾಗಿ ಹೇಳಿದ ಲೆಕ್ಕವನ್ನೇ ಕಾಗದದ ಮೇಲೆ ತಪ್ಪು ಮಾಡೋದನ್ನು 1985ರಲ್ಲೇ ಸಂಶೋಧಕರು ದಾಖಲಿಸಿದ್ದರು. 2025ರ ಫೆಬ್ರವರಿಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೂ ಅದನ್ನೇ ಹೇಳುತ್ತೆ. ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಚುರುಕು, ಶಾಲೆಯ ಲೆಕ್ಕದಲ್ಲಿ ಮಂಕು. ನಮ್ಮ ಚರ್ಚೆಯಲ್ಲಿ ಬರದೇ ಹೋದ ಭಾಗ ಇನ್ನೊಂದಿದೆ: ಶಾಲೆಗಷ್ಟೇ ಹೋಗುವ ಮಕ್ಕಳು ಮಾರುಕಟ್ಟೆ ಲೆಕ್ಕದಲ್ಲಿ ಮುಗ್ಗರಿಸಿದರು. ಹಾಗಾಗಿ "ಬಡ ಮಕ್ಕಳಿಗೆ ಜೀವನವೇ ಪಾಠ ಕಲಿಸುತ್ತೆ" ಅನ್ನೋ ರೊಮ್ಯಾಂಟಿಕ್ ಮಾತೂ ಬೇಡ. ಮಗು ಜಾತ್ರೆ ಅಂಗಡಿಯಲ್ಲಿ ಕೂರಬೇಕಾಗಿ ಬಂದದ್ದು ಹೊಗಳುವ ಸಂಗತಿಯಲ್ಲ. ಎರಡೂ ಕಡೆ ಸೇತುವೆ ಕಟ್ಟದೇ ಇರೋದು ಶಾಲೆ.

ದೇಶದ ಚಿತ್ರ ಹೇಗಿದೆ ನೋಡಿ. 2024ರ ಅಸರ್ ವರದಿ ಪ್ರಕಾರ ಗ್ರಾಮೀಣ ಭಾರತದಲ್ಲಿ ಕಳೆಯುವ ಲೆಕ್ಕ ಮಾಡಬಲ್ಲ ಮೂರನೇ ತರಗತಿ ಮಕ್ಕಳು ಶೇ. 33.7, ಭಾಗಾಕಾರ ಮಾಡಬಲ್ಲ ಐದನೇ ತರಗತಿ ಮಕ್ಕಳು ಶೇ. 30.7. 2022ಕ್ಕಿಂತ ಎರಡೂ ಏರಿವೆ, ನಿಜ. ಆದರೂ ಐದನೇ ತರಗತಿ ಮುಗಿಸುವ ಹತ್ತರಲ್ಲಿ ಏಳು ಮಕ್ಕಳು ಭಾಗಾಕಾರ ಬಾರದೆ ಮುಂದಕ್ಕೆ ಹೋಗ್ತಿದ್ದಾರೆ.

ನಮ್ಮ ಗಡಿ ತಾಲೂಕುಗಳಲ್ಲಿ ಇನ್ನೊಂದು ಪದರ ಇದೆ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. 45ಕ್ಕೆ ಮರಾಠಿಯಲ್ಲಿ 'ಪಂಚೇಚಾಳೀಸ', ಅಂದ್ರೆ ಐದು ಮೊದಲು, ನಲವತ್ತು ಆಮೇಲೆ. ಮಗು 54 ಬರೆದರೆ ಅದು ದಡ್ಡತನ ಅಲ್ಲ, ಕೇಳಿದ ಕ್ರಮದಲ್ಲೇ ಬರೆದಿದೆ. ಕನ್ನಡದ 'ನಲವತ್ತೈದು' ಬರೆಯೋ ಕ್ರಮದಲ್ಲೇ ಇದೆ. 2019ರಲ್ಲಿ ಮಂಗಲಾ ನಾರಳೀಕರ್ ನೇತೃತ್ವದ ಸಮಿತಿ ಮಹಾರಾಷ್ಟ್ರದ ಎರಡನೇ ತರಗತಿ ಪುಸ್ತಕದಲ್ಲಿ ಇದೇ ರೀತಿ 'ಇಪ್ಪತ್ತು ಒಂದು' ಅಂತ ಹೇಳಿಕೊಡೋ ಪ್ರಯತ್ನ ಮಾಡಿತು. ದಕ್ಷಿಣದ ಭಾಷೆಗಳ ಉದಾಹರಣೆಯನ್ನೂ ಅವರು ಕೊಟ್ಟಿದ್ದರು. ಆಗ ವಿರೋಧ ಪಕ್ಷದಲ್ಲಿದ್ದ ಅಜಿತ್ ಪವಾರ್, ಮುಖ್ಯಮಂತ್ರಿ ಫಡಣವೀಸರ ಹೆಸರಿನ 'ವೀಸ್' ಹಿಡಿದು ಸದನದಲ್ಲಿ ಗೇಲಿ ಮಾಡಿದರು. ಮಗುವಿಗೆ ಅನುಕೂಲವೋ ಅಲ್ಲವೋ ಅನ್ನೋ ಪ್ರಶ್ನೆ ಭಾಷಾಭಿಮಾನದ ಗಲಾಟೆಯಲ್ಲಿ ಮುಚ್ಚಿಹೋಯ್ತು. ಗಡಿಯ ಈ ಕಡೆ ನಾವೂ ಇಂಥದ್ದರಲ್ಲಿ ಹಿಂದೆ ಬಿದ್ದವರಲ್ಲ ಬಿಡಿ.

ಇಷ್ಟಕ್ಕೂ ಒಂದು ಕಳೆಯುವ ಲೆಕ್ಕಕ್ಕೆ ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಕಬ್ಬಿನ ಬಿಲ್ ನೋಡಿ. 2025-26ರ ಹಂಗಾಮಿಗೆ ಕೇಂದ್ರ ಗೊತ್ತುಮಾಡಿದ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ. ಅದು ಶೇ. 10.25 ಇಳುವರಿಗೆ, ಅಂದ್ರೆ ನೂರು ಕೆಜಿ ಕಬ್ಬಿಗೆ ಹತ್ತೂಕಾಲು ಕೆಜಿ ಸಕ್ಕರೆ. ಇಳುವರಿ ಶೇ. 0.1 ಹೆಚ್ಚಾದಂತೆಲ್ಲ ಕ್ವಿಂಟಲ್‌ಗೆ 3.46 ರೂಪಾಯಿ ಸೇರಬೇಕು. ಟನ್‌ಗೆ ಅದು 34.60. ನಲವತ್ತು ಟನ್ ಕಳಿಸಿದ ರೈತನಿಗೆ 1,384 ರೂಪಾಯಿ. ದಶಾಂಶ ಬಿಂದುವಿನ ಆಚೆಯ ಒಂದೇ ಒಂದು ಅಂಕಿಯ ಬೆಲೆ ಅದು. ಆಮೇಲೆ ಕಟಾವು, ಸಾಗಾಣಿಕೆ ಅಂತ ಕಳೆಯೋದು ಬೇರೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ಕೇಳಿ ಕೂತರು, ಕೊನೆಗೆ 3,300ಕ್ಕೆ ನಿಂತಿತು. ಘೋಷಣೆ ಕೂಗೋಕೆ ಸಾವಿರಾರು ಜನ ಇದ್ದರು. ಬಿಲ್ ಹಿಡಿದು "ಈ ಇಳುವರಿ ಹೆಂಗ ಬಂತು" ಅಂತ ಸಾಲು ಸಾಲಾಗಿ ಕೇಳಬಲ್ಲವರು ನಮ್ಮ ಓಣಿಯಲ್ಲಿ ಎಷ್ಟು ಮಂದಿ? 'ದೀಡ ನೂರ', 'ಅಡೀಚ ನೂರ' ಅಂತ ಅರೆ-ಕಾಲು ಎಲ್ಲ ಬಾಯಲ್ಲೇ ತೂಗುವ ನನ್ನ ಕಾಕಾ, ಬಿಲ್ಲಿನ ದಶಾಂಶ ಕಂಡ ಕೂಡಲೇ ಅದನ್ನ ನನ್ನ ವಾಟ್ಸಾಪ್‌ಗೆ ಕಳಿಸ್ತಾರೆ.

ಕಾರ್ಯಕ್ರಮಗಳಿಗೇನೂ ಬರ ಇಲ್ಲ. ನಲಿಕಲಿ ಇದೆ. ಗಣಿತ ಕಲಿಕಾ ಆಂದೋಲನದ ಕಿಟ್ ಇದೆ. 'ಗಣಿತ-ಗಣಕ'ದಲ್ಲಿ 3ರಿಂದ 5ನೇ ತರಗತಿ ಮಕ್ಕಳಿಗೆ ಶಿಕ್ಷಕರು ಫೋನ್ ಮಾಡಿ ಲೆಕ್ಕ ಹೇಳಿಕೊಡ್ತಾರೆ. ಕೊರೊನಾ ಕಾಲದಲ್ಲಿ ಬೋಟ್ಸ್ವಾನಾದಲ್ಲಿ ಫಲ ಕೊಟ್ಟ ವಿಧಾನ ಅದು, ಒಳ್ಳೆಯದೇ. ಆದರೆ ಕಟಾವಿನ ತಿಂಗಳುಗಳಲ್ಲಿ ಮನೆಯ ಒಂದೇ ಫೋನು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತೆ. ಗ್ಯಾಂಗ್ ಜೊತೆ ಬಂದು ಹೊಲದ ಬದಿ ಗುಡಿಸಲಲ್ಲಿ ಇರೋ ಮಕ್ಕಳಿಗೆ ಫೋನ್ ಮಾಡೋರು ಯಾರು? ನಾನು ನೋಡಿದ ಒಂದು ಶಾಲೆಯಲ್ಲಿ ಕಿಟ್ ಕಪಾಟಿನಲ್ಲೇ ಇತ್ತು. ಒಂದು ತುಂಡು ಕಳೆದರೆ ಲೆಕ್ಕ ಒಪ್ಪಿಸಬೇಕಲ್ಲ ಅನ್ನೋ ಹೆದರಿಕೆ ಅಲ್ಲಿಯ ಅಕ್ಕೋರಿಗೆ. ಎಲ್ಲ ವಿಷಯ, ಬಿಸಿಯೂಟ, ಆನ್‌ಲೈನ್ ಮಾಹಿತಿ ಒಬ್ಬರ ತಲೆಗೇ ಕಟ್ಟಿ, ಆಮೇಲೆ ಅವರನ್ನೇ ಬೈಯೋದು ನನಗೆ ಸರಿ ಕಾಣಲ್ಲ.

ನನ್ನ ಬೇಡಿಕೆ ಸಣ್ಣದು. ಹುಡುಗ ಬಾಯಲ್ಲಿ ಮಾಡಿದ್ದನ್ನೇ ಮೊದಲು ಹಲಗೆಯ ಮೇಲೆ ಬರೀರಿ: 145ರಿಂದ 150, 150ರಿಂದ 200. ಇದೂ ಕಳೆಯೋದೇ ಅಂತ ಒಪ್ಪಿಕೊಳ್ಳಿ, ಅಂಕ ಕೊಡಿ. ಆಮೇಲೆ ಪಕ್ಕದ ಮನೆಯಿಂದ ಹತ್ತು ಸಾಲ ತರೋದನ್ನ, ಪಕ್ಕದ ಮನೆಯೂ ಖಾಲಿ ಇದ್ದರೆ ಅದರಾಚೆಗೆ ಹೋಗೋದನ್ನ ಕಲಿಸಿ. ಐದನೇ ತರಗತಿಗೆ ದಶಮಾಂಶ ಬಂದಾಗ ಊರಿನ ಒಂದು ಹಳೆ ಕಬ್ಬಿನ ಬಿಲ್ ತರಗತಿಗೆ ಬರಲಿ. ಕಾಕಾನ ಬಿಲ್ ನಾನೇ ಕೊಡ್ತೀನಿ, ಹೆಸರು ಅಳಿಸಿ. ಮತ್ತೆ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಆ ಕಪಾಟಿನ ಕೀಲಿ ಯಾರ ಹತ್ರ ಇದೆ ಅಂತ ಕೇಳೋದಿದೆ.