ಕೌದಿಗೆ ಕಟ್‌ಆಫ್ ಇಲ್ಲ

ಬಯೊಡೇಟಾದ ಕೊನೆಗೆ 'ಹವ್ಯಾಸಗಳು' ಎಂಬ ಒಂದು ಸಾಲು ಇರುತ್ತದೆ. ನಮ್ಮಲ್ಲಿ ಬಹಳಷ್ಟು ಮಂದಿ ಅಲ್ಲಿ 'ಓದುವುದು, ಸಂಗೀತ ಕೇಳುವುದು' ಎಂದು ಬರೆದು ಮುಗಿಸುತ್ತೇವೆ. ನಿಜ ಹೇಳಬೇಕೆಂದರೆ ನಮಗೆ ಇಷ್ಟವಾಗಿದ್ದದ್ದು ಬೇರೆಯೇ ಇತ್ತು. ಒಬ್ಬರಿಗೆ ಚಿತ್ರ ಬಿಡಿಸುವುದು, ಇನ್ನೊಬ್ಬರಿಗೆ ತಬಲಾ, ಮತ್ತೊಬ್ಬರಿಗೆ ಕೊಕ್ಕೊ. ಎಸ್ಸೆಸ್ಸೆಲ್ಸಿ ಬಂದಾಗ 'ಪರೀಕ್ಷೆ ಮುಗಿಯಲಿ' ಎಂದು ಅದನ್ನು ಎತ್ತಿಟ್ಟೆವು. ಆಮೇಲೆ ಪಿಯುಸಿ ಬಂತು, ಪದವಿ ಬಂತು, ಅದರ ಹಿಂದೆಯೇ ಎಫ್‌ಡಿಎ, ಪಿಡಿಒ, ಪಿಎಸ್‌ಐ ಎಂದು ಒಂದೊಂದೇ ಅಧಿಸೂಚನೆ ಬಂತು. ಪರೀಕ್ಷೆ ಮಾತ್ರ ಮುಗಿಯಲಿಲ್ಲ. ಎತ್ತಿಟ್ಟದ್ದು ಎಲ್ಲಿದೆ ಎಂಬುದೂ ಮರೆತುಹೋಯಿತು.

ನಾನು ಎತ್ತಿಟ್ಟದ್ದು ಸೂಜಿ–ದಾರವನ್ನು. ಅದು ಹೇಗೆ ಕೈಬಿಟ್ಟಿತು, ಹೇಗೆ ಮರಳಿ ಕೈಗೆ ಬಂತು ಎಂಬುದನ್ನು ನನ್ನಂತೆ ಕೆಲಸ ಹುಡುಕುತ್ತಿರುವ ಗೆಳೆಯ–ಗೆಳತಿಯರ ಜತೆ ಹಂಚಿಕೊಳ್ಳಬೇಕು ಅನಿಸಿದೆ. ಹೊಲಿಗೆ ಬಾರದವರೂ ಓದಬಹುದು. ಇಲ್ಲಿ ಹೊಲಿಗೆ ಇರುವ ಜಾಗದಲ್ಲಿ ನಿಮ್ಮ ನಿಮ್ಮ ತಬಲಾ, ಬಣ್ಣದ ಡಬ್ಬಿ ಇಟ್ಟು ನೋಡಿದರೆ ಸಾಕು.

ಕೌದಿ ಎಂದರೆ ಉತ್ತರ ಕರ್ನಾಟಕದವರಿಗೆ ವಿವರಿಸಬೇಕಿಲ್ಲ. ಉಟ್ಟು ಉಟ್ಟು ಮೆತ್ತಗಾದ ಅವ್ವನ ಸೀರೆ, ಅಜ್ಜನ ಧೋತರ, ಮಕ್ಕಳ ಹಳೆಯ ಅಂಗಿ, ಯಾವುದನ್ನೂ ಎಸೆಯದೆ ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಕೈಸೂಜಿಯಿಂದ ಸಾಲು ಸಾಲಾಗಿ ಹೊಲಿಯುವ ಹಾಸಿಗೆ–ಹೊದಿಕೆ ಅದು. ಬೇಸಿಗೆಯಲ್ಲಿ ಕೆಳಗೆ ಹಾಸಲು, ಚಳಿಗಾಲದಲ್ಲಿ ಮೇಲೆ ಹೊದೆಯಲು. ಹುಟ್ಟಿದ ಕೂಸನ್ನು ಮಲಗಿಸಲೂ ಕೌದಿಯೇ ಬೇಕು. ಹೊಸ ಬಟ್ಟೆ ಚುಚ್ಚುತ್ತದೆ, ಹಳೆಯ ಹತ್ತಿ ಬಟ್ಟೆ ಚುಚ್ಚುವುದಿಲ್ಲ. ಹೊಲಗೆಲಸ ಮುಗಿದ ದಿನಗಳಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಕೌದಿ ಹರವಿ ನಾಲ್ಕು ಹೆಂಗಸರು ನಾಲ್ಕು ದಿಕ್ಕಿಗೆ ಕೂತರೆಂದರೆ ಊರಿನ ಸುದ್ದಿಯೆಲ್ಲ ಅದರೊಳಗೇ ಹೊಲಿದುಹೋಗುತ್ತಿತ್ತು. ನಾನು ಸೂಜಿ ಹಿಡಿಯಲು ಕಲಿತದ್ದು ಅಂಥ ಪಡಸಾಲೆಯಲ್ಲಿ, ಅಜ್ಜಿಯ ಪಕ್ಕದಲ್ಲಿ ಕೂತು. ದಾರ ಪೋಣಿಸಿ ಕೊಡುವುದು ನನ್ನ ಮೊದಲ ನೌಕರಿ.

ಪದವಿಯ ಎರಡನೇ ವರ್ಷದಲ್ಲಿ ನಾನು ಹೊಲಿದ ಒಂದು ಪುಟ್ಟ ಕೌದಿಯ ಫೋಟೊವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದೆ. ನಾಲ್ಕೈದು ಮಂದಿ 'ನಮಗೂ ಬೇಕು' ಎಂದರು. ಮನೆಯವರು, ಗೆಳತಿಯರು 'ಇದನ್ನೇ ಬಿಸಿನೆಸ್ ಮಾಡು' ಎಂದು ಹುರಿದುಂಬಿಸಿದರು. ಮಾಡಿದೆ. ಬಂದ ಹಣ ಕಾಲೇಜಿನ ಫೀಸಿಗೆ ಆಯಿತು, ಅದರ ಬಗ್ಗೆ ಇವತ್ತಿಗೂ ಹೆಮ್ಮೆಯಿದೆ. ಆದರೆ ಅಂದಿನಿಂದ ಹೊಲಿಗೆಯ ಜತೆಗೆ ಲೆಕ್ಕವೂ ಬಂದು ಕೂತಿತು. ಒಂದು ಕೌದಿಗೆ ಎಷ್ಟು ತಾಸು, ತಾಸಿಗೆ ಎಷ್ಟು ರೂಪಾಯಿ, ಇಷ್ಟೇ ದುಡ್ಡಿಗೆ ಅಂಗಡಿಯಲ್ಲಿ ಎಷ್ಟು ದೊಡ್ಡ ಬ್ಲಾಂಕೆಟ್ ಸಿಗುತ್ತದೆ, ಫೋಟೊಕ್ಕೆ ಎಷ್ಟು ಲೈಕ್. 'ಆ ಕೆಂಪು ಬೇಡ, ಗುಲಾಬಿ ಹಾಕಿ' ಎಂದು ಗಿರಾಕಿ ಹೇಳಿದರೆ ಕೆಂಪೇ ಚೆಂದ ಎಂದು ವಾದಿಸುವ ಆಸೆಯೂ ನಿಧಾನಕ್ಕೆ ಹೋಯಿತು. ಒಂದು ದಿನ ಆರ್ಡರ್‌ಗಳೂ ನಿಂತವು. ನಿಂತಾಗ ನನಗೆ ಬೇಸರಕ್ಕಿಂತ ನಿರಾಳ ಅನಿಸಿತು. ಹೊಲಿಗೆಯ ಮೇಲಿನ ಪ್ರೀತಿ ಮುಗಿದಿದೆ ಎಂದು ಗೊತ್ತಾದದ್ದೇ ಆಗ.

ಇದು ನನ್ನೊಬ್ಬಳ ಕಥೆಯಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ 3ರಿಂದ 5 ವರ್ಷದ ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ 'ಚಿತ್ರ ಬಿಡಿಸಿದರೆ ರಿಬ್ಬನ್ ಇರುವ ಪ್ರಶಸ್ತಿ ಪತ್ರ ಕೊಡುತ್ತೇವೆ' ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಕೊಡಲೇ ಇಲ್ಲ. ಒಂದೆರಡು ವಾರಗಳ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮಕ್ಕಳ ಮುಂದಿಟ್ಟು ನೋಡಿದರು. ಪ್ರಶಸ್ತಿಯ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಆಟವಾಗಿದ್ದದ್ದು ಅವರಿಗೆ ಕೂಲಿಯಾಗಿತ್ತು. ಏನು ಮಾಡಿದರೂ 'ಸರ್ಟಿಫಿಕೇಟ್ ಕೊಡ್ತಾರಾ?' ಎಂದು ಮೊದಲು ಕೇಳುವಂತೆ ಬೆಳೆದ ನಮ್ಮ ತಲೆಮಾರು ಈ ಮಕ್ಕಳನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲದು.

ಹಾಗೆಂದು ಹೊಲಿಗೆಯಿಂದ ದುಡಿಯುವುದು ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬರಬಾರದು. ಊರೂರು ತಿರುಗಿ ಕೌದಿ ಹೊಲಿದು ಕೊಡುವ ಹೆಂಗಸರಿದ್ದಾರೆ. ಮನೆಯಲ್ಲೇ ಫಾಲ್–ಪಿಕೋ ಮಾಡಿ ಮಕ್ಕಳನ್ನು ಓದಿಸುವ ತಾಯಂದಿರಿದ್ದಾರೆ. ಅವರಿಗೆ ಹೊಲಿಗೆ ಅನ್ನ. ಅವರ ಕೆಲಸಕ್ಕೆ ಚೌಕಾಶಿ ಮಾಡದೆ ಬೆಲೆ ಕೊಡುವುದೇ ನಾವು ತೋರಿಸಬೇಕಾದ ಗೌರವ. ನಾನು ಹೇಳುತ್ತಿರುವುದು ಇಷ್ಟೇ: ಬದುಕಿನಲ್ಲಿ ಮಾಡುವ ಎಲ್ಲವನ್ನೂ ಮಾರಲೇಬೇಕಿಲ್ಲ. ಕೈಗೆ ಖುಷಿ ಕೊಡುವ ಒಂದನ್ನಾದರೂ ಲೆಕ್ಕದ ಪುಸ್ತಕದಿಂದ ಆಚೆ ಉಳಿಸಿಕೊಳ್ಳಬೇಕು.

ಪದವಿ ಮುಗಿದ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆಂದು ಧಾರವಾಡಕ್ಕೆ ಬಂದೆ. ಸಪ್ತಾಪುರದ ಬೀದಿಗಳನ್ನು ಬಲ್ಲವರಿಗೆ ಗೊತ್ತು, ಅಲ್ಲಿ ಬೆಳಗು ಆಗುವುದೇ ಲೈಬ್ರರಿಯ ಕುರ್ಚಿ ಹಿಡಿಯುವ ಓಟದಿಂದ. ಈ ಬದುಕಿನ ದೊಡ್ಡ ಕಷ್ಟ ಓದುವುದಲ್ಲ. ದಿನದ ಕೊನೆಗೆ 'ಇವತ್ತು ಏನು ಮಾಡಿದೆ' ಎಂದು ಕೇಳಿಕೊಂಡರೆ ತೋರಿಸಲು ಏನೂ ಇರುವುದಿಲ್ಲ. ಹತ್ತು ತಾಸು ಓದಿದ್ದರ ಫಲ ಯಾವಾಗಲೋ ಬರುವ ಪಟ್ಟಿಯಲ್ಲಿ ಇರಬಹುದು, ಇಲ್ಲದಿರಬಹುದು. ಪರೀಕ್ಷೆ ಮುಂದೆ ಹೋಗುತ್ತದೆ, ಫಲಿತಾಂಶ ತಡವಾಗುತ್ತದೆ, ಅಂಕ ಅರ್ಧದಲ್ಲಿ ತಪ್ಪುತ್ತದೆ. ವರ್ಷ ಕಳೆದಂತೆ ಓದುವುದಷ್ಟೇ ಅಲ್ಲ, ಯಾವುದೂ ಬೇಡ ಅನಿಸತೊಡಗುತ್ತದೆ. ಊರಿಂದ ತಂದಿದ್ದ ಸೂಜಿ–ದಾರದ ಡಬ್ಬಿ ನನ್ನ ಟ್ರಂಕಿನ ತಳದಲ್ಲೇ ಇತ್ತು. 'ಮನಸ್ಸು ಬಂದಾಗ ತೆಗೆಯೋಣ' ಎಂದುಕೊಂಡೇ ಎರಡು ವರ್ಷ ಕಳೆದವು. ಮನಸ್ಸು ಬರಲಿಲ್ಲ.

ರೂಮಿನಲ್ಲಿ ನಾವು ನಾಲ್ವರು. ಎಲ್ಲರಿಗಿಂತ ಚಿಕ್ಕವಳ ಅಕ್ಕನಿಗೆ ಹೆರಿಗೆ ಹತ್ತಿರವಿತ್ತು. "ಅಕ್ಕಾ, ಬರೋ ಕೂಸಿಗೆ ಒಂದ್ ಕೌದಿ ಹೊಲದ್ ಕೊಡ್ರಿ" ಎಂದಳು. "ನನಗ ಮನಸ್ಸಿಲ್ಲವಾ" ಎಂದೆ. "ಮನಸ್ಸನ್ನ ಯಾರ್ ಕೇಳ್ಯಾರ್ರೀ, ಸೂಜಿ ಹಿಡೀರಿ ಸಾಕು" ಎಂದು ನಕ್ಕಳು. ತಮಾಷೆಗೆ ಆಡಿದ ಆ ಮಾತು ಕೆಲಸ ಮಾಡಿತು. ಒಬ್ಬಳು ಶಾಯಿ ಬಿದ್ದು ಕಲೆಯಾಗಿದ್ದ ಕಾಟನ್ ವೇಲ್ ಕೊಟ್ಟಳು, ಇನ್ನೊಬ್ಬಳು ಹಳೆಯ ಚೂಡಿದಾರದ ಟಾಪ್, ಮತ್ತೊಬ್ಬಳು ಊರಿಂದ ಅಪ್ಪನ ಧೋತರ ತರಿಸಿದಳು. ದಿನವೂ ರಾತ್ರಿ ಊಟದ ನಂತರ ಒಂದು ತಾಸು. ಕೌದಿ ಚಿಕ್ಕದು, ಮೂವರಿಗೆ ಹೊಲಿಯಲು ಜಾಗವಿತ್ತು. ನಾಲ್ಕನೆಯವಳು ಪ್ರಶ್ನೆ ಕೇಳುತ್ತಿದ್ದಳು. ಸಂವಿಧಾನದ 73ನೇ ತಿದ್ದುಪಡಿಯನ್ನು ನಾನು ಈಗ ಮರೆಯುವುದು ಸಾಧ್ಯವಿಲ್ಲ, ಅದು ಕೌದಿಯ ಎಡ ಅಂಚಿನಲ್ಲಿ ಭದ್ರವಾಗಿ ಕೂತಿದೆ. ಅಜ್ಜಿಯ ಪಡಸಾಲೆಯಲ್ಲಿ ಊರ ಸುದ್ದಿ ಇತ್ತು, ನಮ್ಮ ರೂಮಿನಲ್ಲಿ ಪಂಚಾಯತ್ ರಾಜ್ ಇತ್ತು, ಅಷ್ಟೇ ವ್ಯತ್ಯಾಸ.

ಮೊದಲ ಮೂರು–ನಾಲ್ಕು ದಿನ ಖುಷಿಯೇನೂ ಆಗಲಿಲ್ಲ. ಬೆರಳು ನೋಯುತ್ತಿತ್ತು, ಸಾಲು ಸೊಟ್ಟ ಬರುತ್ತಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ರಾತ್ರಿಯ ಆ ತಾಸಿಗಾಗಿ ಕಾಯತೊಡಗಿದೆ. ಲೈಬ್ರರಿಯಿಂದ ಬರುವಾಗ 'ಆ ಹಳದಿ ತುಂಡಿನ ಪಕ್ಕ ಯಾವುದು ಹಚ್ಚಲಿ' ಎಂದು ಯೋಚಿಸುತ್ತಾ ಬಂದ ದಿನ, ಹಳೆಯ ಪ್ರೀತಿ ಮರಳಿ ಬಂದಿದೆ ಎಂದು ತಿಳಿಯಿತು. ಮನಸ್ಸು ಬಂದ ಮೇಲೆ ಕೈ ಏಳುತ್ತದೆ ಎಂದು ಕಾಯುತ್ತೇವೆ. ಬಹಳ ಸಲ ಕೈ ಮೊದಲು ಏಳಬೇಕು, ಮನಸ್ಸು ಅದರ ಹಿಂದೆ ಬರುತ್ತದೆ. ಮನೋವೈದ್ಯಕೀಯದಲ್ಲಿ ಖಿನ್ನತೆಗೆ ಕೊಡುವ 'ಬಿಹೇವಿಯರಲ್ ಆ್ಯಕ್ಟಿವೇಷನ್' ಎಂಬ ಚಿಕಿತ್ಸೆಯೂ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ಉತ್ಸಾಹಕ್ಕೆ ಕಾಯದೆ ಸಣ್ಣ ಸಣ್ಣ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಮಾಡುತ್ತಾ ಹೋಗುವುದು ಅದರ ಮೊದಲ ಹೆಜ್ಜೆ. ಆದರೆ ಸೂಜಿ ಔಷಧಿಯಲ್ಲ. ನಿದ್ದೆ, ಊಟ ಬಿಟ್ಟು ವಾರಗಟ್ಟಲೆ ಕುಗ್ಗಿಹೋಗಿದ್ದರೆ ವೈದ್ಯರನ್ನು ಕಾಣಲೇಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಮರಳಿ ಶುರು ಮಾಡುವವರಿಗೆ ಕೌದಿಯಷ್ಟು ಉದಾರವಾದ ಕಲೆ ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ನಮ್ಮದೇ ಭಾಗದ ಕಸೂತಿಯನ್ನು ನೋಡಿ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂದು ಅದರಲ್ಲಿ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕಬೇಕು, ಗಂಟು ಕಾಣಬಾರದು. ಒಂದು ಎಳೆ ತಪ್ಪಿದರೆ ಗೋಪುರವೇ ವಾಲುತ್ತದೆ. ಕೌದಿ ಹಾಗಲ್ಲ. ಸಾಲು ಸೊಟ್ಟಾದರೆ ಅದೇ ಅದರ ನಡಿಗೆ. ಬಟ್ಟೆ ಸಾಲದಿದ್ದರೆ ಇನ್ನೊಂದು ತುಂಡು. ಹರಿದಲ್ಲಿ ಮೇಲೊಂದು ತೇಪೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸುತ್ತಮುತ್ತ ಇರುವ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಇಂದು ದೇಶ–ವಿದೇಶಗಳ ಕಲಾಸಕ್ತರ ಗಮನ ಸೆಳೆದಿದೆ. ಅವರು ಒಂದು ಮೂಲೆಯಿಂದ ಶುರು ಮಾಡಿ ಅಂಚಿನುದ್ದಕ್ಕೂ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಮುಗಿದ ಮೇಲೆ ನಾಲ್ಕು ಮೂಲೆಗೂ ಬಣ್ಣದ ತುಂಡುಗಳನ್ನು ತ್ರಿಕೋನವಾಗಿ ಮಡಚಿ, ಪದರ ಪದರವಾಗಿ ಹೊಲಿಯುತ್ತಾರೆ. ಅದಕ್ಕೆ 'ಫುಲಾ', ಅಂದರೆ ಹೂವು ಎನ್ನುತ್ತಾರೆ. ಫುಲಾ ಇಲ್ಲದ ಕವಂದಿ ಅವರ ಲೆಕ್ಕದಲ್ಲಿ ಬೆತ್ತಲೆ. ಆ ಹೂವಿನಿಂದ ಹೊದಿಕೆ ಹೆಚ್ಚು ಬೆಚ್ಚಗಾಗುವುದಿಲ್ಲ. ಬಡತನದಲ್ಲೂ, ಚಿಂದಿಯಲ್ಲೂ, ಉಪಯೋಗಕ್ಕೆ ಬಾರದ ಒಂದು ಹೂವು ಬೇಕೇ ಬೇಕು ಎಂದು ಅವರು ಹಟ ಹಿಡಿದಿದ್ದಾರೆ. ಉಪಯೋಗವಿದ್ದರೆ ಮಾತ್ರ ಮಾಡು ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳುವ ನಾವು ಆ ಹಟವನ್ನು ಅವರಿಂದ ಕಲಿಯಬೇಕು.

'ಕೌದಿ ಹೊಲಿದರೆ ನೌಕರಿ ಸಿಗುತ್ತದೆಯೇ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಿಗುವುದಿಲ್ಲ. ನನಗೂ ಇನ್ನೂ ಸಿಕ್ಕಿಲ್ಲ. ಆದರೆ ನೌಕರಿ ಸಿಗುವವರೆಗಿನ ದಿನಗಳೂ ನಮ್ಮ ಆಯುಷ್ಯದ ದಿನಗಳೇ ತಾನೇ? ಅವನ್ನೆಲ್ಲ 'ಕಾಯುವ ಅವಧಿ' ಎಂದು ಬದಿಗಿಟ್ಟರೆ ಇಪ್ಪತ್ತರಿಂದ ಮೂವತ್ತರವರೆಗಿನ ವಯಸ್ಸು ಖಾಲಿ ಹೋಗುತ್ತದೆ. ಪಟ್ಟಿಯಲ್ಲಿ ಹೆಸರು ಬರಲಿ, ಬಾರದಿರಲಿ, ಇವತ್ತು ಒಂದು ಗೇಣು ಹೊಲಿದಿದ್ದರೆ ಆ ಗೇಣು ಅಲ್ಲೇ ಇರುತ್ತದೆ. ಅದನ್ನು ಯಾರೂ ಮುಂದೂಡಲಾರರು, ರದ್ದು ಮಾಡಲಾರರು. ಒಂದು ತಾಸು ಹೊಲಿದು ಎದ್ದಾಗ ಓದಲು ಕೂರುವ ಮನಸ್ಸೂ ಹಗುರವಾಗಿರುತ್ತದೆ ಎಂಬುದು ನಾನು ಕಂಡುಕೊಂಡದ್ದು.

ಇದು ಹುಡುಗಿಯರ ಕೆಲಸ ಎಂದು ಹುಡುಗರು ಪುಟ ತಿರುಗಿಸಬೇಡಿ. ನಮ್ಮ ಊರುಗಳಲ್ಲಿ ಟೇಲರ್ ಅಂಗಡಿಯ ಮಷಿನ್ ಮುಂದೆ ಕೂತವರು ಹೆಚ್ಚಾಗಿ ಗಂಡಸರೇ. ಕಿತ್ತ ಗುಂಡಿ ಹಾಕಿಕೊಳ್ಳಲು ಊರಿಗೆ ಹೋಗುವವರೆಗೆ ಕಾಯುವುದಕ್ಕಿಂತ ಸೂಜಿ ಹಿಡಿಯುವುದು ಸುಲಭ.

ಶುರು ಮಾಡಲು ಹೆಚ್ಚೇನೂ ಬೇಡ. ಒಂದು ದಪ್ಪ ಸೂಜಿ, ಗಟ್ಟಿ ದಾರ, ಒಗೆದು ಒಣಗಿಸಿದ ಮೂರು–ನಾಲ್ಕು ಹಳೆಯ ಕಾಟನ್ ಬಟ್ಟೆ. ಸಿಂಥೆಟಿಕ್ ಬೇಡ, ಜಾರುತ್ತದೆ, ಸೆಕೆಯಾಗುತ್ತದೆ. ಒಂದರ ಮೇಲೊಂದು ನೆರಿಗೆ ಇಲ್ಲದಂತೆ ಹಾಸಿ, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಕೂಡಿಸಿ. ಅಂಚು ಒಳಕ್ಕೆ ಮಡಚಿ. ಆಮೇಲೆ ಬೆರಳಗಲ ಬಿಟ್ಟು ಸಾಲು ಹಾಕುತ್ತಾ ಹೋಗಿ, ಕೊನೆಗೆ ಕಚ್ಚಾ ಹೊಲಿಗೆ ಬಿಚ್ಚಿಬಿಡಿ. ಮೊದಲ ಸಲಕ್ಕೆ ದೊಡ್ಡದು ಬೇಡ, ತಲೆದಿಂಬಿನ ಮೇಲೆ ಹಾಸುವಷ್ಟಿದ್ದರೆ ಸಾಕು. ಮುಗಿಯುವವರೆಗೆ ಫೋಟೊ ಹಾಕಬೇಡಿ, ಬೆಲೆ ಕಟ್ಟಬೇಡಿ. ಸಾಧ್ಯವಾದರೆ ಯಾರಿಗೆ ಕೊಡುವುದು ಎಂದು ಮೊದಲೇ ನಿರ್ಧರಿಸಿ. ಸೋಮಾರಿತನ ಬಂದ ದಿನ ಆ ಮುಖ ನೆನಪಾಗಿ ಕೈ ಏಳುತ್ತದೆ.

ಈ ಭಾನುವಾರ ಅಣಕು ಪರೀಕ್ಷೆ ಮುಗಿದ ಮೇಲೆ ಒಂದು ತಾಸು ಉಳಿಯುತ್ತದೆ. ಮೊಬೈಲ್ ಬದಿಗಿಟ್ಟು ನಿಮ್ಮ ಟ್ರಂಕಿನ ತಳಕ್ಕೆ ಕೈ ಹಾಕಿ ನೋಡಿ. ಸೂಜಿ ಸಿಗಬಹುದು, ಕುಂಚ ಸಿಗಬಹುದು, ಕೊಳಲು ಸಿಗಬಹುದು. ಮನಸ್ಸಿದೆಯೋ ಇಲ್ಲವೋ ಎಂದು ಕೇಳಿಕೊಳ್ಳಲು ಹೋಗಬೇಡಿ. ಕೈಗೆ ಸಿಕ್ಕಿದ್ದನ್ನು ಹೊರಗೆ ತೆಗೆದು, ಧೂಳು ಒರೆಸಿ, ಇವತ್ತಿಗೆ ಒಂದು ಗೇಣು ಮುಗಿಸಿ.