ಹೊಸ್ತಿಲೊಳಗಿನ ಒಂಟಿತನ

ದೇವದುರ್ಗ, ಮಾನ್ವಿ ತಾಲೂಕುಗಳಿಂದ ದುಡಿಮೆಯನ್ನರಸಿ ಬೆಂಗಳೂರಿಗೆ ಗುಳೆ ಹೋಗುವ ಅನೇಕರು ಮನೆಯ ಕೀಲಿಕೈಯೊಂದಿಗೆ ವೃದ್ಧ ಹೆತ್ತವರನ್ನೂ ಊರಲ್ಲೇ ಬಿಟ್ಟುಹೋಗುತ್ತಾರೆ. ರಾಯಚೂರು ನಗರದಲ್ಲಾದರೋ, ಮಕ್ಕಳು ಜೊತೆಗಿದ್ದೂ ಹಗಲಿಡೀ ಒಂಟಿಯಾಗಿರುವ ಹಿರಿಯರಿದ್ದಾರೆ. ತಿಂಗಳಿಗೊಮ್ಮೆ ಹಣ ತಲುಪೀತು. ಆದರೆ ಬಚ್ಚಲಲ್ಲಿ ಜಾರಿಬಿದ್ದವರನ್ನು ಹಣ ಎತ್ತಿ ಕೂರಿಸದು.

ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯು ಜೀವನಾಂಶ ಕೇಳುವ ಹಕ್ಕನ್ನು ನೀಡಿದೆ. ಹಿರಿಯರನ್ನು ತೊರೆದವರಿಗೆ 3 ತಿಂಗಳವರೆಗೆ ಸೆರೆವಾಸ ವಿಧಿಸಲೂ ಅದರಲ್ಲಿ ಅವಕಾಶವಿದೆ. ಆದರೆ ಪಕ್ಕದಲ್ಲಿ ಕುಳಿತು ಮಾತನಾಡಬೇಕೆಂದು ಯಾವ ನ್ಯಾಯಮಂಡಳಿ ತಾನೇ ಆದೇಶಿಸಬಲ್ಲದು?

ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಿಗೆ ಬೀಳುವಿಕೆಯು ಜಗತ್ತಿನಲ್ಲೇ ಎರಡನೆಯ ಪ್ರಮುಖ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ವಿಧಿಯೆಂದು ಕೈಚೆಲ್ಲುವುದು ಸಲ್ಲದು. ನುಣುಪುಗಲ್ಲಿನ ಬಚ್ಚಲಿಗೆ ಒರಟು ಹಾಸು, ಗೋಡೆಗೊಂದು ಹಿಡಿಕೆ, ರಾತ್ರಿಗೊಂದು ಕಿರುದೀಪ, ಕಾಲಕಾಲಕ್ಕೆ ಕಣ್ಣಿನ ತಪಾಸಣೆ - ಇವೆಲ್ಲ ಮದುವೆಯ ಶಾಮಿಯಾನಕ್ಕಿಂತ ಅಗ್ಗ.

ದುಡಿಮೆಯನ್ನು ಊರಲ್ಲೇ ಒದಗಿಸುವ ಹೊಣೆ ಸರಕಾರದ್ದು. ಅಲ್ಲಿಯವರೆಗೆ ಓಣಿಯ ಯುವಕರು ಒಂಟಿ ಹಿರಿಯರ ಪಟ್ಟಿ ಮಾಡಿ ದಿನಕ್ಕೊಮ್ಮೆ ಬಾಗಿಲು ತಟ್ಟಲಿ. ನೆರವಿಗೆ 14567 ಸಹಾಯವಾಣಿಯಿದೆ. ಅಂತ್ಯಯಾತ್ರೆಗೆ ಧಾವಿಸಿ ಬರುವ ಸಮಾಜವು ಹಿರಿಯರು ಬದುಕಿರುವಾಗಲೇ ಅವರ ಹೊಸ್ತಿಲನ್ನೊಮ್ಮೆ ತುಳಿಯಬೇಡವೇ ಎಂಬುದೇ ನಮ್ಮ ಪ್ರಶ್ನೆ.